ಖೋಲಿ ಮತ್ತು ಕೂಲಿ

ನಗರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕೋಟೆ, ಬಂದರು, ರೈಲುದಾರಿಗಳಿಂದ ಆರಂಭಿಸುವುದು ವಾಡಿಕೆ. ಹೊಟ್ಟೆಪಾಡಿಗಾಗಿ ನಗರ ಸೇರಿದವನನ್ನು ಕೇಳಿದರೆ ಅವನು ಎರಡೇ ಸಂಗತಿಗಳನ್ನು ಹೇಳಿಯಾನು: ಕೆಲಸ ಯಾವಾಗ ಸಿಕ್ಕಿತು, ತಲೆಯೂರಲು ಜಾಗ ಎಲ್ಲಿ ಸಿಕ್ಕಿತು. ಮುಂಬಯಿಯ ಮಾತಿನಲ್ಲಿ ಮೊದಲನೆಯದು ಕೂಲಿ, ಎರಡನೆಯದು ಖೋಲಿ. ಕಿವಿಗೆ ಅಕ್ಕತಂಗಿಯರಂತೆ ಕೇಳಿಸುವ ಈ ಎರಡು ಶಬ್ದಗಳು ಆ ಊರಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲ ಸವತಿಯರಂತೆ ಬಾಳಿದವು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಒಲೆ ಮುಂಬಯಿಯ ಮನಿಯಾರ್ಡರಿನಿಂದ ಉರಿದದ್ದರಿಂದ ಈ ಸವತಿಯರ ಕಥೆ ನಮಗೂ ಸಂಬಂಧಪಟ್ಟದ್ದೇ.

ಮುಂಬಯಿಯ ಮೊದಲ ಹತ್ತಿಗಿರಣಿಗೆ ಕಾವಸಜೀ ದಾವರ್ ಅಡಿಪಾಯ ಹಾಕಿದ್ದು 1854ರಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 65ರವರೆಗೆ, ಹತ್ತಿಯ ವ್ಯಾಪಾರದಿಂದ ಊರಿಗೆ ಹೊನ್ನಿನ ಮಳೆಯೇ ಸುರಿಯಿತು. ಯುದ್ಧ ಮುಗಿದೊಡನೆ ಆ ಮಳೆಯೂ ನಿಂತಿತು. ಗಿರಣಿಗಳು ಮಾತ್ರ ಬೆಳೆಯುತ್ತ ಹೋದವು. ಕೊಂಕಣದಿಂದ, ಘಟ್ಟದ ಮೇಲಿನ ಜಿಲ್ಲೆಗಳಿಂದ ಜನ ಬಂದರು. ಅವರಿಗೆ ಇರಲು ಎಲ್ಲಿ ಜಾಗ ಎಂಬುದು ಯಾರ ಚಿಂತೆಯೂ ಆಗಿರಲಿಲ್ಲ. 1896ರಲ್ಲಿ ಪ್ಲೇಗು ಕಾಣಿಸಿಕೊಂಡು, ಗಿರಣಿಯ ಆಳುಗಳು ಊರು ಬಿಟ್ಟು ಓಡಿದಾಗಲೇ ಸರ್ಕಾರಕ್ಕೆ ಗಾಳಿ ಬೆಳಕಿಲ್ಲದ ಚಾಳುಗಳು ಕಣ್ಣಿಗೆ ಬಿದ್ದವು. 1898ರಲ್ಲಿ ನಗರ ಸುಧಾರಣಾ ಟ್ರಸ್ಟು ಹುಟ್ಟಿತು. ಬಡವರ ಮನೆ ಧನಿಕರ ಗಮನಕ್ಕೆ ಬರಬೇಕಾದರೆ ಒಂದು ಸಾಂಕ್ರಾಮಿಕ ಬೇಕಾಗುತ್ತದೆಯೋ ಏನೋ!

ಆ ಊರಿನಲ್ಲಿ ಕೆಲಸ ಎಂಬುದಾದರೂ ಹೇಗೆ ಸಿಗುತ್ತಿತ್ತು? ಬೆಳಗಿನ ಭೋಂಗಾ ಕೂಗುವ ಮೊದಲೇ ಗಿರಣಿಯ ಬಾಗಿಲಿನಲ್ಲಿ ನೂರಾರು ಮಂದಿ ನಿಲ್ಲುತ್ತಿದ್ದರು. ಒಳಗೆ ಕಾಯಂ ಆಳು ಯಾರಾದರೂ ಬಾರದೇ ಹೋದರೆ ಆ ದಿನದ ಮಟ್ಟಿಗೆ ಇವರಲ್ಲೊಬ್ಬನಿಗೆ ಅದೃಷ್ಟ. ಇವನೇ ‘ಬದಲಿ’. ಯಾರನ್ನು ಒಳಗೆ ಕರೆಯಬೇಕೆಂಬುದನ್ನು ತೀರ್ಮಾನಿಸುವವನು ಜಾಬರ್, ಅಂದರೆ ಮುಕಾದಮ. ಅವನ ಕೈ ಬಿಸಿಮಾಡದೆ ಕೆಲಸವಿಲ್ಲ; ಸಾಲ ಕೊಡುವವನೂ ಹಲವೊಮ್ಮೆ ಅವನೇ, ಖೋಲಿ ತೋರಿಸುವವನೂ ಅವನೇ. 1935ರಲ್ಲಿ ಮಾಲೀಕರ ಸಂಘ ಬದಲಿಗಳಿಗೆ ಕಾರ್ಡು ಕೊಡುವ ಪದ್ಧತಿಯನ್ನು ತಂದಿತು. ಇದರಿಂದ ಸಾಲು ಸ್ವಲ್ಪ ನೆಟ್ಟಗಾಯಿತೇ ಹೊರತು ಸಾಲಿನಲ್ಲಿ ನಿಲ್ಲುವುದು ತಪ್ಪಲಿಲ್ಲ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬೆಲೆಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು. 1919ರ ಜನವರಿಯಲ್ಲಿ ಲಕ್ಷಕ್ಕೂ ಹೆಚ್ಚು ಗಿರಣಿ ಕೆಲಸಗಾರರು ಒಮ್ಮೆಲೇ ಕೈಕಟ್ಟಿ ಕುಳಿತರು. ಆ ಬಿಸಿ ತಾಗಿದ ಮೇಲೆ, 1921ರಲ್ಲಿ, ಮುಂಬಯಿ ಸರ್ಕಾರ ಕಾರ್ಮಿಕ ಕಚೇರಿಯೊಂದನ್ನು ತೆರೆದು, 1914ರ ಜುಲೈ ತಿಂಗಳನ್ನು ನೂರೆಂದು ಹಿಡಿದು ಜೀವನವೆಚ್ಚದ ಸೂಚ್ಯಂಕವನ್ನು ಲೆಕ್ಕಹಾಕತೊಡಗಿತು. ಇಂದು ನಮ್ಮ ನಿಮ್ಮಂಥವರ ಸಂಬಳ, ನಿವೃತ್ತಿವೇತನಗಳಿಗೆ ಸೇರಿಕೊಂಡು ಬರುವ ತುಟ್ಟಿಭತ್ಯೆಯ ಲೆಕ್ಕದ ಹಿಂದೆ ಇಂಥ ಹಸಿದ ಮನೆಗಳಿವೆ. ಆ ಕಚೇರಿಯ ಫಿಂಡ್ಲೆ ಶಿರ್ರಾಸ್ ಎಂಬ ಅಧಿಕಾರಿ ಕಾರ್ಮಿಕ ಕುಟುಂಬಗಳ ಆದಾಯ-ವೆಚ್ಚಗಳನ್ನು ವಿಚಾರಿಸಿ 1923ರಲ್ಲಿ ವರದಿಯೊಂದನ್ನು ಪ್ರಕಟಿಸಿದ. ಅದರ ಮೂರು ಸಂಗತಿಗಳನ್ನಷ್ಟೇ ಹೇಳುತ್ತೇನೆ. ನೂರರಲ್ಲಿ 97 ಕುಟುಂಬಗಳು ಒಂದೇ ಕೋಣೆಯಲ್ಲಿದ್ದವು. 47 ಕುಟುಂಬಗಳು ಸಾಲದಲ್ಲಿದ್ದವು. ಬಡ್ಡಿ ಸಾಮಾನ್ಯವಾಗಿ ರೂಪಾಯಿಗೆ ತಿಂಗಳಿಗೊಂದಾಣೆ, ಎಂದರೆ ವರ್ಷಕ್ಕೆ ಶೇಕಡಾ 75. ಇನ್ನು ಅನ್ನದ ಮಾತು. ಈ ಕೆಲಸಗಾರರು ತಿನ್ನುತ್ತಿದ್ದ ಧಾನ್ಯ ಬರಗಾಲದ ಸಂಹಿತೆಯಲ್ಲಿ ಹೇಳಿದ ಗರಿಷ್ಠ ಪ್ರಮಾಣದಷ್ಟಿತ್ತು. ಸೆರೆಮನೆಯ ಕೈಪಿಡಿಯಲ್ಲಿ ಕೈದಿಗೆ ಗೊತ್ತುಪಡಿಸಿದ ಆಹಾರಕ್ಕಿಂತ ಕಡಿಮೆಯಿತ್ತು. ಇದನ್ನು ಹೇಳಿದವನು ಚಳವಳಿಗಾರನಲ್ಲ, ಸರ್ಕಾರದ ಸಂಬಳ ತಿನ್ನುವ ಅಧಿಕಾರಿ ಎಂಬುದನ್ನು ನೆನಪಿಡಬೇಕು.

ಇದೇ ಕಾಲದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಐವತ್ತು ಸಾವಿರ ಖೋಲಿಗಳನ್ನು ಕಟ್ಟುವ ಯೋಜನೆ ಹಾಕಿದ. ಊರೊಳಗೆ ಬರುವ ಒಂದೊಂದು ಹತ್ತಿಯ ಅಂಡಿಗೆಗೂ ಒಂದು ರೂಪಾಯಿ ತೆರಿಗೆ ಹಾಕಿ ಹಣ ಕೂಡಿಸಿದರು. ವರ್ಲಿ, ನಾಯ್‌ಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಕೊನೆಗೆ ಎದ್ದುನಿಂತವು 207 ಚಾಳುಗಳು. ಒಂದೊಂದರಲ್ಲಿ 80 ಖೋಲಿ, ಖೋಲಿಯೊಂದಕ್ಕೆ ಸುಮಾರು 160 ಚದರಡಿ. ಬಿ.ಡಿ.ಡಿ. ಚಾಳುಗಳೆಂದು ಹೆಸರಾದವು ಇವೇ. ವಿನೋದವೆಂದರೆ, ಜನ ಮೆಟ್ಟಿಲ ಕೆಳಗೆ, ಬೀದಿಯ ಬದಿಯಲ್ಲಿ ಮಲಗುತ್ತಿದ್ದ ಊರಿನಲ್ಲಿ ಈ ಖೋಲಿಗಳೆಷ್ಟೋ ಮೊದಮೊದಲು ಖಾಲಿ ಬಿದ್ದಿದ್ದವು. ಬಾಡಿಗೆ ಕೂಲಿಗೆ ನಿಲುಕಲಿಲ್ಲ. ವರ್ಲಿಯ ಚಾಳುಗಳಲ್ಲಿ ಕೆಲವನ್ನು 1930ರ ಕಾನೂನುಭಂಗ ಚಳವಳಿಯ ಕಾಲಕ್ಕೆ ಸೆರೆಮನೆಯಾಗಿ ಬಳಸಿಕೊಂಡರು.

ಹಾಗಾದರೆ ಇಷ್ಟು ಕೂಲಿಯಲ್ಲಿ ಇಷ್ಟೊಂದು ಜನ ಬದುಕಿದ್ದಾದರೂ ಹೇಗೆ? ನನ್ನ ಮಟ್ಟಿಗೆ ಇಡೀ ಚರಿತ್ರೆಯ ಗಂಟು ಇರುವುದು ಇಲ್ಲಿ. ಗಿರಣಿಯ ಕೂಲಿ ಒಬ್ಬಂಟಿ ಗಂಡಸಿನ ಹೊಟ್ಟೆಯನ್ನು ಲೆಕ್ಕಹಾಕಿ ಕೊಟ್ಟದ್ದು. ಹೆಂಡತಿ, ಮಕ್ಕಳು, ಮುದಿ ತಾಯಿತಂದೆ ಹಳ್ಳಿಯಲ್ಲಿ. ಕಾಯಿಲೆ ಬಿದ್ದರೆ, ಕೆಲಸ ಹೋದರೆ ಅವನೂ ಹಳ್ಳಿಗೆ. ಹೆಣ್ಣುಮಕ್ಕಳು ತುಂಡು ನೆಲದಲ್ಲಿ ಗೇಯ್ದು ಉಳಿಸಿದ ಅನ್ನವೇ ಗಿರಣಿಯ ಲಾಭಕ್ಕೆ ಸಂದ ಕಾಣದ ಕಾಣಿಕೆ. ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಿದ ವ್ಹಿಟ್ಲಿ ಆಯೋಗ 1931ರಲ್ಲಿ, ಹಳ್ಳಿಯ ಈ ನಂಟು ಒಂದು ಆಸ್ತಿ, ಅದನ್ನು ಕಡಿಯಬಾರದು ಎಂದಿತು. ಆಸ್ತಿ ಹೌದು, ಯಾರ ಆಸ್ತಿ ಎಂಬುದೇ ಪ್ರಶ್ನೆ. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಮನಿಯಾರ್ಡರು ಬಂದ ಮನೆಯನ್ನು ಕಂಡು ನೆರೆಯವರು ಕರುಬುತ್ತಿದ್ದರು. ಆ ಹಣಕ್ಕೆ ಪ್ರತಿಯಾಗಿ ಮನೆಯವರು ಮುಂಬಯಿಗೆ ಏನೇನು ಕೊಟ್ಟಿದ್ದಾರೆಂದು ಯಾರೂ ಎಣಿಸಲಿಲ್ಲ.

ಒಬ್ಬಂಟಿಗರಿಗೆ ಅನ್ನ ಬೇಯಿಸಿ ಹಾಕಿದವರು ಖಾನಾವಳಿಯ ಹೆಂಗಸರು. ತಿಂಗಳ ಕೊನೆಗೆ ಹಣ ಪಡೆದು, ತಿಂಗಳಿಡೀ ಸಾಲ ಮಾಡಿ ದಿನಸಿ ತರುತ್ತಿದ್ದ ಅವರಿಗೆ ಬ್ಯಾಂಕಿನ ಬಾಗಿಲು ತೆರೆಯಬೇಕಾದರೆ 1975ರಲ್ಲಿ ಪ್ರೇಮಾ ಪುರವ್ ಅನ್ನಪೂರ್ಣಾ ಮಹಿಳಾ ಮಂಡಳವನ್ನು ಕಟ್ಟಬೇಕಾಯಿತು. ನಮ್ಮ ದಕ್ಷಿಣ ಕನ್ನಡದ ಹುಡುಗರು ಕಂಡುಕೊಂಡ ದಾರಿ ಬೇರೆ. ಉಡುಪಿ ಹೋಟೆಲಿನಲ್ಲಿ ಸಂಬಳ ಅಲ್ಪ. ಊಟ ಅಲ್ಲೇ, ರಾತ್ರಿ ಕದ ಮುಚ್ಚಿದ ಮೇಲೆ ಮೇಜಿನ ಮೇಲೋ ನೆಲದ ಮೇಲೋ ನಿದ್ದೆಯೂ ಅಲ್ಲೇ. ಕೂಲಿಯೂ ಖೋಲಿಯೂ ಒಂದೇ ಸೂರಿನಡಿ! ಸಂಜೆಯ ಹೊತ್ತಿಗೆ ಕನ್ನಡದ ರಾತ್ರಿಶಾಲೆ. ಬಾಲ್ಯವನ್ನು ಎಂಜಲು ತಟ್ಟೆಗಳ ನಡುವೆ ಕಳೆದು, ಮೆಟ್ರಿಕ್ ಮುಗಿಸಿ ಬ್ಯಾಂಕಿನ ಗುಮಾಸ್ತರಾದವರ ಸಾಹಸವನ್ನು ನಾವು ಹಾಡಿ ಹೊಗಳುತ್ತೇವೆ. ತಟ್ಟೆಗಳ ನಡುವೆಯೇ ಉಳಿದುಹೋದವರು ಅವರಿಗಿಂತ ಹೆಚ್ಚು. ಮಂಗಳೂರಿನಿಂದ 1949ರಲ್ಲಿ ಬರಿಗೈಯಲ್ಲಿ ಹೋಗಿ ಚೌಪಾಟಿಯ ಬೆಂಚುಗಳ ಮೇಲೆ ಮಲಗುತ್ತಿದ್ದ ಜಾರ್ಜ್ ಫರ್ನಾಂಡಿಸ್ ಮುಂದೆ ಹೋಟೆಲು ಕೆಲಸಗಾರರನ್ನು, ಟ್ಯಾಕ್ಸಿಯವರನ್ನು ಸಂಘಟಿಸಿದ್ದು ಆಕಸ್ಮಿಕವಲ್ಲ. ವ್ಯಾಸರಾಯ ಬಲ್ಲಾಳ, ಯಶವಂತ ಚಿತ್ತಾಲರ ಕೃತಿಗಳನ್ನು ಓದಿದವರಿಗೆ ಈ ನಗರದ ಒಳತಳಮಳ ಹೊಸದಲ್ಲ.

ಎರಡನೆಯ ಯುದ್ಧದ ಹೊತ್ತಿಗೆ ಕಥೆ ತಿರುವು ಪಡೆಯಿತು. 1940ರ ಸೆಪ್ಟೆಂಬರ್ ಒಂದರಂದು ಇದ್ದ ಬಾಡಿಗೆಯೇ ಪ್ರಮಾಣ ಎಂದಾಯಿತು. 1947ರ ಬಾಡಿಗೆ ನಿಯಂತ್ರಣ ಕಾಯಿದೆ ಅದನ್ನು ಗಟ್ಟಿಮಾಡಿತು. ಬಾಡಿಗೆದಾರ ಬದುಕಿಕೊಂಡ. ಮಾಲೀಕ ರಿಪೇರಿಯ ಕೈಬಿಟ್ಟ. ಮಳೆಗಾಲ ಬಂತೆಂದರೆ ಹಳೆಯ ಕಟ್ಟಡಗಳು ಕುಸಿಯತೊಡಗಿದವು. ಹೊಸಬ ಖೋಲಿ ಹಿಡಿಯಬೇಕಾದರೆ ‘ಪಗಡಿ’ ಎಂಬ ಇಡುಗಂಟನ್ನು ಗುಟ್ಟಾಗಿ ತೆರಬೇಕಾಯಿತು. ಕಾನೂನು ಅಪರಾಧವೆಂದು ಸಾರಿದ್ದ ಈ ಪಗಡಿಯನ್ನು 1999ರ ಕಾಯಿದೆ ಕೊನೆಗೆ ಒಪ್ಪಿಕೊಂಡಿತು. ಹೀಗೆ, ಕೂಲಿಗೆ ಎಟುಕದಿದ್ದ ಖೋಲಿ ಈಗ ಕೂಲಿಗಿಂತ ದೊಡ್ಡದಾಯಿತು. ಕೆಲಸ ಬಿಟ್ಟವರುಂಟು, ಖೋಲಿ ಬಿಟ್ಟವರಿಲ್ಲ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಮಂದಿ ಗಿರಣಿಯಿಂದ ಹೊರಬಂದರು. ಬದಲಿಗಳನ್ನು ಕಾಯಂ ಮಾಡಬೇಕೆಂಬುದೂ ಬೇಡಿಕೆಗಳಲ್ಲೊಂದು. ಆ ಮುಷ್ಕರವನ್ನು ವಿಧಿಪೂರ್ವಕವಾಗಿ ಯಾರೂ ಹಿಂತೆಗೆದುಕೊಳ್ಳಲಿಲ್ಲ. ಹತ್ತಾರು ಸಾವಿರ ಮಂದಿ ಮತ್ತೆ ಒಳಗೆ ಕಾಲಿಡಲೂ ಇಲ್ಲ. ನಿಂತ ಗಿರಣಿಯ ನೆಲ ನಡೆಯುವ ಗಿರಣಿಯ ಬಟ್ಟೆಗಿಂತ ಬೆಲೆಬಾಳತೊಡಗಿತು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ಅಂಗಳದಲ್ಲಿ ಈಗ ಮಾರಾಟಮಳಿಗೆಗಳ ಸಾಮ್ರಾಜ್ಯವೇ ಇದೆ. 160 ಚದರಡಿಯ ಬಿ.ಡಿ.ಡಿ. ಖೋಲಿಗಳಲ್ಲಿ ಬಿಡದೆ ಉಳಿದವರಿಗೆ 500 ಚದರಡಿಯ ಮನೆ ಕೊಡುವ ಕೆಲಸ ನಡೆಯುತ್ತಿದೆ.

ಗಿರಣಿಯ ನೆಲದಲ್ಲಿ ಒಂದು ಪಾಲನ್ನು ಹಳೆಯ ಕೆಲಸಗಾರರ ವಸತಿಗೆಂದು ತೆಗೆದಿಟ್ಟು, 2012ರಲ್ಲಿ ಮನೆಗಳನ್ನು ಚೀಟಿ ಎತ್ತಿ ಹಂಚಿದರು. ಮನೆಗಳು ಕೆಲವು ಸಾವಿರ, ಅರ್ಜಿಗಳು ಲಕ್ಷಕ್ಕೂ ಮಿಕ್ಕಿ. 1982ರ ಜನವರಿ ಒಂದರಂದೋ ಆಮೇಲೋ ಗಿರಣಿಯಲ್ಲಿ ದುಡಿದದ್ದಕ್ಕೆ ಪುರಾವೆ ತರಬೇಕಿತ್ತು. ಹಳ್ಳಿಯ ಪೆಟ್ಟಿಗೆಗಳಲ್ಲಿ ಮೂವತ್ತು ವರ್ಷ ಮಲಗಿದ್ದ ಗಿರಣಿಯ ಕಾಗದಪತ್ರಗಳನ್ನು ಹುಡುಕಿ ತೆಗೆದು ಅರ್ಜಿ ಹಾಕಿದವರಲ್ಲಿ ವಿಧವೆಯರೂ ಇದ್ದರು, ಮಕ್ಕಳೂ ಇದ್ದರು.