ಒಂಟಿಕೊಪ್ಪಲಿನ ಆಕಾಶವಾಣಿ

ಮೈಸೂರಿನ ಅರಮನೆಗೆ ವಾಯವ್ಯದಲ್ಲಿರುವ ಒಂಟಿಕೊಪ್ಪಲು, ನಗರವು ಹಳೆಯ ಕೋಟೆಯ ಮೇರೆಯನ್ನು ಮೀರಿ ಹಬ್ಬಿದ ಕಾಲದಲ್ಲಿ ಬೆಳೆದ ಬಡಾವಣೆ. ಮಹಾರಾಜಾ ಕಾಲೇಜಿನ ಅಧ್ಯಾಪಕರು ಮನೆಮಾಡಿಕೊಂಡ ಪ್ರದೇಶಗಳಲ್ಲಿ ಇದೂ ಒಂದು. ಕುವೆಂಪು ಅವರ ಮನೆ ‘ಉದಯರವಿ’ ಇರುವುದೂ ಇಲ್ಲಿಯೇ. ಅರಮನೆ, ದಸರಾ, ಗಂಧದೆಣ್ಣೆಗಳನ್ನು ವರ್ಣಿಸಿ ಮೈಸೂರಿನ ಚರಿತ್ರೆಯನ್ನು ಮುಗಿಸಿಬಿಡುವವರು ಈ ಭಾಗವನ್ನು ಸಾಮಾನ್ಯವಾಗಿ ಹೊಕ್ಕು ನೋಡುವುದಿಲ್ಲ. ಆದರೆ ಭಾರತದ ಬಾನುಲಿಗೆ ಇಂದು ಇರುವ ಹೆಸರು ಪ್ರಸಿದ್ಧಿಗೆ ಬಂದದ್ದು ಇಲ್ಲಿಯ ‘ವಿಠ್ಠಲ ವಿಹಾರ’ವೆಂಬ ಒಂದು ಮನೆಯಿಂದ.

ಆ ಮನೆಯ ಯಜಮಾನರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದು, ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ಅಧ್ಯಯನಕ್ಕೆ ಅಸ್ತಿಭಾರ ಹಾಕಿದವರು. 1935ರ ಸೆಪ್ಟೆಂಬರ್ ತಿಂಗಳಿನಲ್ಲಿ ಅವರು 30 ವಾಟ್ ಶಕ್ತಿಯ ಪ್ರೇಷಕಯಂತ್ರವೊಂದನ್ನು ತಮ್ಮ ಮನೆಯಲ್ಲಿಯೇ ಸ್ಥಾಪಿಸಿ ಪ್ರಸಾರವನ್ನಾರಂಭಿಸಿದರು. ರಾತ್ರಿಯ ಓದಿಗೆ ನಾವು ಹೊತ್ತಿಸುತ್ತಿದ್ದ ದೀಪಕ್ಕೂ ಅದಕ್ಕಿಂತ ಹೆಚ್ಚಿನ ಶಕ್ತಿ ಬೇಕಾಗುತ್ತಿತ್ತೆಂಬುದನ್ನು ನೆನೆದರೆ, ಆ ಆರಂಭವೆಷ್ಟು ಅಲ್ಪಪರಿಮಾಣದ್ದೆಂಬುದು ತಿಳಿಯುತ್ತದೆ. ಪ್ರಥಮ ಪ್ರಸಾರದಲ್ಲಿ ಕುವೆಂಪು ಕವಿತೆಯನ್ನು ವಾಚಿಸಿದರೆಂದು ಊರಿನವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ಈ ಸಾಹಸದ ಮಹತ್ತ್ವವನ್ನು ಅರಿಯಬೇಕಾದರೆ ಅಂದು ದೇಶದಲ್ಲಿ ಬಾನುಲಿಯಿದ್ದ ಸ್ಥಿತಿಯನ್ನು ಗಮನಿಸಬೇಕು. ಲಾಭದ ಉದ್ದೇಶದಿಂದ 1927ರಲ್ಲಿ ಮುಂಬಯಿ ಮತ್ತು ಕಲಕತ್ತೆಗಳಲ್ಲಿ ನಿಲಯಗಳನ್ನು ತೆರೆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿಯು, ರೇಡಿಯೋ ಪೆಟ್ಟಿಗೆಗಳು ದುಬಾರಿಯಾಗಿ ಶ್ರೋತೃಗಳ ಸಂಖ್ಯೆ ಬೆಳೆಯದಿದ್ದುದರಿಂದ, ಪರವಾನಗಿ ಶುಲ್ಕದ ಆದಾಯವು ವೆಚ್ಚಕ್ಕೆ ಸಾಲದೆ, ಮೂರೇ ವರ್ಷಗಳಲ್ಲಿ ಮುಚ್ಚಿಹೋಗಿ, ಸರ್ಕಾರವು ಅದನ್ನು ವಹಿಸಿಕೊಳ್ಳಬೇಕಾಗಿ ಬಂದಿತ್ತು. ಆ ಸರ್ಕಾರೀ ಸಂಸ್ಥೆಗೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾದದ್ದು 1936ರಲ್ಲಿ. ಹೀಗೆ ಬಂಡವಾಳವುಳ್ಳ ವಣಿಕರೇ ಸೋತು ಕೈಬಿಟ್ಟ ಉದ್ಯಮವನ್ನು, ಲಾಭದ ಆಸೆಯಿಲ್ಲದೆ, ಸಂಬಳದ ಆದಾಯವೊಂದನ್ನೇ ನೆಚ್ಚಿದ ಒಬ್ಬ ಅಧ್ಯಾಪಕರು ಕೈಗೆತ್ತಿಕೊಂಡರು. ಇದನ್ನು ಹವ್ಯಾಸವೆಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ. ವಿದ್ಯೆಯು ಕಾಲೇಜಿನ ಆವರಣವನ್ನು ದಾಟಿ ಜನರ ಕಿವಿಯನ್ನು ತಲುಪಬೇಕೆಂಬ ಹಂಬಲವಿಲ್ಲದವನಿಗೆ ಇಂಥ ಶ್ರಮ ಸಾಧ್ಯವಾಗದು.

ಊರು ಮಾತ್ರ ಇಂಥದಕ್ಕೆ ಸಿದ್ಧವಾಗಿಯೇ ಇತ್ತು. ಶಿವನಸಮುದ್ರದ ವಿದ್ಯುತ್ತು ಮೈಸೂರಿನ ಬೀದಿಗಳಿಗೆ ಬಂದು ಕಾಲು ಶತಮಾನ ಕಳೆದಿತ್ತು. ವೀಣೆಯ ವೆಂಕಟಗಿರಿಯಪ್ಪನವರು, ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು ಇದೇ ಊರಿನಲ್ಲಿ ನೆಲಸಿದ್ದರು. ವಿಶ್ವವಿದ್ಯಾನಿಲಯದಲ್ಲಿ ಮಾತುಬಲ್ಲ ವಿದ್ವಾಂಸರಿಗೆ ಕೊರತೆಯಿರಲಿಲ್ಲ. ಬೇರೊಂದು ಊರಿನಲ್ಲಾಗಿದ್ದರೆ ಯಂತ್ರವಿದ್ದರೂ ಅದರ ಮುಂದೆ ಕುಳಿತು ನುಡಿಯುವವರನ್ನೂ ಹಾಡುವವರನ್ನೂ ಹುಡುಕಬೇಕಾಗುತ್ತಿತ್ತು.

ಮುಂದೆ 250 ವಾಟ್ ಶಕ್ತಿಯ ಯಂತ್ರ ಬಂದಿತು. ಖರ್ಚೂ ಅದರೊಡನೆ ಏರಿತು. ಜಾಹೀರಾತಿನ ಆದಾಯವಿಲ್ಲದೆ, ಸರ್ಕಾರದ ನಿಯತವಾದ ನೆರವೂ ಇಲ್ಲದೆ, ನಿಲಯವು ಉಸಿರಾಡಿದ್ದು ಗೋಪಾಲಸ್ವಾಮಿಯವರ ಸ್ವಂತ ಹಣದಿಂದ, ನಾಗರಿಕರ ಸಹಾಯದಿಂದ, ಮೈಸೂರು ನಗರಸಭೆಯ ಬೆಂಬಲದಿಂದ. ಈ ಮೂರರಲ್ಲಿ ಮೊದಲನೆಯದನ್ನು ಜನ ಸ್ಮರಿಸುತ್ತಾರೆ, ಉಳಿದೆರಡನ್ನು ಮರೆತಿದ್ದಾರೆ. ಚರಂಡಿ, ನಲ್ಲಿ, ಬೀದಿದೀಪಗಳ ಚಿಂತೆಯಲ್ಲಿ ಮುಳುಗಿರಬೇಕಾದ ನಗರಸಭೆಯೊಂದು ಸಂಗೀತ ಸಾಹಿತ್ಯಗಳ ಪ್ರಸಾರಕ್ಕೆ ಕೈನೀಡಿದ ಸಂಗತಿಯನ್ನು ಊರ ಚರಿತ್ರೆಯಲ್ಲಿ ಪ್ರಾಧ್ಯಾಪಕರ ಹೆಸರಿನ ಪಕ್ಕದಲ್ಲಿಯೇ ಬರೆಯತಕ್ಕದ್ದು. ‘ಆಕಾಶವಾಣಿ’ಯೆಂಬ ನಾಮಕರಣದ ಕೀರ್ತಿಯನ್ನು ಕೆಲವರು ಗೋಪಾಲಸ್ವಾಮಿಯವರಿಗೂ ಕೆಲವರು ಅವರೊಡನೆ ದುಡಿದ ನಾ. ಕಸ್ತೂರಿಯವರಿಗೂ ಸಲ್ಲಿಸುತ್ತಾರೆ, ಕೀರ್ತಿ ಹೇಗೂ ಒಂದೇ ನಿಲಯಕ್ಕೆ ಸೇರುವುದರಿಂದ ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ.

1942ರಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೋದಲ್ಲಿ ವಿಲೀನವಾಯಿತು. ಆರ್ಥಿಕವಾಗಿ ಇದು ಭದ್ರತೆ, ನಿಸ್ಸಂದೇಹ. ಆದರೆ ಊರಿನ ಸ್ವತ್ತಾಗಿದ್ದುದು ದೂರದ ದೆಹಲಿಯ ಸ್ವತ್ತಾದಾಗ, ಅದು ಎಲ್ಲಿರಬೇಕೆಂದು ನಿಶ್ಚಯಿಸುವ ಅಧಿಕಾರವೂ ಊರಿನ ಕೈತಪ್ಪಿತು. 1955ರ ನವೆಂಬರಿನಲ್ಲಿ ನಿಲಯವು ಬೆಂಗಳೂರಿಗೆ ವರ್ಗವಾಯಿತು. ವಿಸ್ತಾರವಾದ ನಾಡಿಗೆ ಕೇಂದ್ರಸ್ಥಾನದಲ್ಲಿ ಪ್ರಬಲವಾದ ನಿಲಯವಿರಬೇಕೆಂಬುದು ಯುಕ್ತವೇ; ಅದಕ್ಕಾಗಿ ಹುಟ್ಟಿದೂರಿನಲ್ಲಿ ಬಾನುಲಿಯ ಕುರುಹೂ ಉಳಿಯಬಾರದೆಂಬುದು ಯುಕ್ತವಾಗಿರಲಿಲ್ಲ. ಸುಮಾರು ಎರಡು ದಶಕಗಳ ಕಾಲ ಮೈಸೂರು, ತಾನೇ ಪ್ರಚುರಪಡಿಸಿದ ಹೆಸರನ್ನು ಅನ್ಯ ನಗರಗಳ ನಿಲಯಗಳಿಂದ ಕೇಳಬೇಕಾಯಿತು. ಮೈಸೂರಿನಲ್ಲಿ ಪುನಃ ಪೂರ್ಣಪ್ರಮಾಣದ ನಿಲಯ ಆರಂಭವಾದದ್ದು 1974ರಲ್ಲಿ.