ವೃದ್ಧಸೇವೆಯ ಒಂದು ಸಂಸ್ಥೆ ಮತ್ತು ಅದರ ಮರೆಯಾಗಿದ್ದ ಸ್ಥಾಪಕಿ

ಧಾರ್ಮಿಕ ಸಂಸ್ಥೆಯೊಂದರ ಚರಿತ್ರೆಯನ್ನು ಬರೆಯಹೊರಟವರು ಮೊದಲು ಎತ್ತಿಕೊಳ್ಳುವ ಪ್ರಶ್ನೆ ಅದನ್ನು ಸ್ಥಾಪಿಸಿದವರು ಯಾರು ಎಂಬುದು. ಇದಕ್ಕೆ ಉತ್ತರವು ಸಾಮಾನ್ಯವಾಗಿ ಸುಲಭಸಾಧ್ಯ. ಪಡಸಾಲೆಯ ಭಾವಚಿತ್ರವೋ ಬಾಗಿಲ ಬಳಿಯ ಶಿಲಾಫಲಕವೋ ಅದನ್ನು ಹೇಳಿಬಿಡುತ್ತದೆ. ಆದರೆ ಸಂಸ್ಥೆಯವರು ತಾವೇ ಬರೆಸಿಕೊಂಡ ಫಲಕವು ತಪ್ಪು ಹೇಳುತ್ತಿದ್ದರೆ ಚರಿತ್ರಕಾರನ ಪಾಡೇನು? ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1900ರಲ್ಲಿ ಪ್ರಾರಂಭವಾದ ವೃದ್ಧಾಶ್ರಮವೊಂದುಂಟು. ಅದನ್ನು ತೆರೆದವರು ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’, ಎಂದರೆ ‘ಬಡವರ ಕಿರಿಯ ಸೋದರಿಯರು’ ಎಂಬ ಹೆಸರಿನ ಕ್ಯಾಥೊಲಿಕ್ ಸನ್ಯಾಸಿನಿಯರು. ಇವರ ಮಾತೃಸಂಸ್ಥೆ ಫ್ರಾನ್ಸ್ ದೇಶದ್ದು. ನಿರ್ಗತಿಕ ವೃದ್ಧರ ಪಾಲನೆಯೊಂದನ್ನೇ ವ್ರತವಾಗಿ ಹಿಡಿದ ಈ ಸಂಸ್ಥೆ ತನ್ನನ್ನು ಹುಟ್ಟಿಸಿದ ವೃದ್ಧೆಯನ್ನೇ ಹಲವು ದಶಕಗಳ ಕಾಲ ಮರೆತಿತ್ತು. ಮರೆತಿತ್ತು ಎನ್ನುವುದಕ್ಕಿಂತ ಮರೆಯುವಂತೆ ಮಾಡಲಾಗಿತ್ತು ಎನ್ನುವುದೇ ಹೆಚ್ಚು ಸರಿ.

ಆ ಸ್ಥಾಪಕಿಯ ಹೆಸರು ಜೀನ್ ಜುಗಾನ್. ಫ್ರಾನ್ಸಿನ ವಾಯವ್ಯ ಅಂಚಿನಲ್ಲಿರುವ ಬ್ರಿಟನಿ ಪ್ರಾಂತದ ಕಾಂಕಾಲ್ ಎಂಬ ಬೆಸ್ತರ ಊರಿನಲ್ಲಿ 1792ರ ಅಕ್ಟೋಬರ್ 25ರಂದು ಆಕೆ ಹುಟ್ಟಿದಳು. ಅದು ಮಹಾಕ್ರಾಂತಿಯ ಕಾಲ. ಚರ್ಚಿನ ಆಸ್ತಿಗಳು 1789ರಲ್ಲಿಯೇ ರಾಷ್ಟ್ರದ ಸ್ವತ್ತಾಗಿದ್ದವು. ಮರುವರ್ಷ ಸನ್ಯಾಸವ್ರತಗಳಿಗೆ ಕಾನೂನಿನ ಮಾನ್ಯತೆ ತಪ್ಪಿತ್ತು. ಬಡವರಿಗೂ ಮುದುಕರಿಗೂ ಅದುವರೆಗೆ ಇದ್ದ ಆಶ್ರಯಗಳು ಅನೇಕ ಕಡೆ ಹೀಗೆ ಚೆದರಿಹೋದವು. ತಂದೆ ಮೀನುಗಾರ. ಜೀನ್ ಇನ್ನೂ ಎಳೆಯ ಕೂಸಾಗಿದ್ದಾಗ ಸಮುದ್ರಕ್ಕೆ ಹೋದವನು ಹಿಂದಿರುಗಲಿಲ್ಲ. ಕಾಡ್ ಮೀನಿಗಾಗಿ ನ್ಯೂಫೌಂಡ್‌ಲ್ಯಾಂಡಿನವರೆಗೂ ಹಡಗು ಹೋಗುತ್ತಿದ್ದ ಆ ಕರಾವಳಿಯಲ್ಲಿ ಇಂತಹ ಮನೆಗಳು ಅಪರೂಪವಾಗಿರಲಿಲ್ಲ. ವಿಧವೆಯರಾದ ತಾಯಂದಿರು ದುಡಿಯುವಷ್ಟು ಕಾಲ ದುಡಿದು, ಕೈಸೋತ ಮೇಲೆ ಬೀದಿಗೆ ಬೀಳುತ್ತಿದ್ದರು. ಮುಂದೆ ಈ ಸಂಸ್ಥೆ ಬ್ರಿಟನಿಯ ಕಡಲತೀರದಲ್ಲಿಯೇ ಏಕೆ ಹುಟ್ಟಿತು ಎಂಬುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಹದಿನಾರರ ಸುಮಾರಿಗೆ ಜೀನ್ ಸಿರಿವಂತ ಮನೆಯೊಂದರಲ್ಲಿ ಅಡಿಗೆಯ ಕೆಲಸಕ್ಕೆ ಸೇರಿದಳು. ಮನೆಯೊಡತಿ ರೋಗಿಗಳನ್ನೂ ಮುದುಕರನ್ನೂ ನೋಡಲು ಹೋಗುವಾಗ ಈ ಹುಡುಗಿಯನ್ನೂ ಜೊತೆಗೆ ಕರೆದೊಯ್ಯುತ್ತಿದ್ದಳು. ಮದುವೆಯ ಮಾತು ಬಂದಾಗ ಆಕೆ ಒಲ್ಲೆನೆಂದಳು. 1817ರಲ್ಲಿ ಸೇಂಟ್ ಸರ್ವಾನ್ ಪಟ್ಟಣಕ್ಕೆ ಬಂದು ಅಲ್ಲಿನ ಆಸ್ಪತ್ರೆಯಲ್ಲಿ ಸುಮಾರು ಆರು ವರ್ಷ ದಾದಿಯಾಗಿ ದುಡಿದು, ಆರೋಗ್ಯ ಕೆಟ್ಟ ಮೇಲೆ ಅವಿವಾಹಿತೆಯಾದ ಮಹಿಳೆಯೊಬ್ಬಳ ಮನೆಯಲ್ಲಿ ಸೇವಕಿಯಾಗಿ, ಆ ಒಡತಿ 1835ರಲ್ಲಿ ತೀರಿಕೊಳ್ಳುವವರೆಗೂ ಉಳಿದಳು. ಅನಂತರ ಫ್ರಾನ್ಸ್ವಾಜ್ ಓಬೇರ್ ಎಂಬ ವಯಸ್ಸಾದ ಗೆಳತಿಯೊಡನೆ ಎರಡು ಕೋಣೆಗಳ ಬಾಡಿಗೆ ಬಿಡಾರವನ್ನು ಹೂಡಿದಳು. ವಿರ್ಜಿನಿ ತ್ರೆದಾನಿಯೆಲ್ ಎಂಬ ಹದಿನೇಳರ ಅನಾಥ ಹುಡುಗಿಯೂ ಇವರೊಡನೆ ಸೇರಿಕೊಂಡಳು. ಕೂಲಿಯಿಂದ ಬದುಕುವ ಮೂವರು ಹೆಂಗಸರು. ಇದಕ್ಕಿಂತ ಹೆಚ್ಚಿನ ವಿಶೇಷವೇನೂ ಆ ಮನೆಯಲ್ಲಿರಲಿಲ್ಲ.

1839ರ ಚಳಿಗಾಲದಲ್ಲಿ ಜೀನ್ ಒಬ್ಬ ಮುದುಕಿಯನ್ನು ಮನೆಗೆ ತಂದಳು. ಆನ್ ಶೋವಾನ್ ಎಂಬ ಆ ವಿಧವೆಗೆ ಕಣ್ಣಿಲ್ಲ, ಮೈಯ ಒಂದು ಭಾಗ ಸ್ವಾಧೀನವಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ. ಕಡಿದಾದ ಏಣಿಮೆಟ್ಟಿಲನ್ನು ಆಕೆ ಹತ್ತಲಾರಳು. ಜೀನ್ ಆಕೆಯನ್ನು ಹೊತ್ತುಕೊಂಡೇ ಹತ್ತಿ, ತನ್ನ ಹಾಸಿಗೆಯಲ್ಲಿ ಮಲಗಿಸಿ, ತಾನು ಅಟ್ಟದಲ್ಲಿ ಮಲಗಿದಳು. ಆಗ ಆಕೆಗೆ 47 ವರ್ಷ. ಸಂಸ್ಥೆಯ ಪ್ರಾರಂಭ ಇದೇ. ಅದಕ್ಕೆ ಮುಹೂರ್ತವಿಲ್ಲ, ನಿಯಮಾವಳಿಯಿಲ್ಲ, ಹೆಸರಿಲ್ಲ; ಒಂದು ಹಾಸಿಗೆ ಕೈಬದಲಾದದ್ದಷ್ಟೇ. ಸ್ವಲ್ಪಕಾಲದಲ್ಲಿಯೇ ಎರಡನೆಯ ಮುದುಕಿ ಬಂದಳು. ವಿರ್ಜಿನಿಯ ಗೆಳತಿ ಮರೀ ಜಾಮೆ ಎಂಬ ತರುಣಿ ನೆರವಿಗೆ ಬಂದಳು. ಈ ಇಬ್ಬರು ಹುಡುಗಿಯರಿಗೂ ಆಧ್ಯಾತ್ಮಿಕ ಮಾರ್ಗದರ್ಶಕನಾಗಿದ್ದವನು ಆ ಊರಿನ ಕಿರಿಯ ಪಾದ್ರಿ ಓಗೂಸ್ತ್ ಲ ಪಾಯರ್. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು.

1841ರಲ್ಲಿ ಹನ್ನೆರಡು ಮಂದಿ ಮುದುಕಿಯರಿಗೆ ಸಾಲುವ ಮನೆ, ಮರುವರ್ಷ ಹಿಂದೆ ಕಾನ್ವೆಂಟ್ ಆಗಿದ್ದ ದೊಡ್ಡ ಕಟ್ಟಡ, ಹೀಗೆ ಆಶ್ರಮವು ಬೆಳೆಯಿತು. ಮುದುಕಿಯರು ಕೈಲಾದಷ್ಟು ನೂಲು ತೆಗೆಯುತ್ತಿದ್ದರು. ಅದು ಊಟಕ್ಕೆ ಸಾಲುವಂತಿರಲಿಲ್ಲ. ಅವರಲ್ಲಿ ಅನೇಕರು ಹಿಂದೆ ಮನೆಮನೆ ತಿರುಗಿ ಬೇಡುತ್ತಿದ್ದವರು. ಮತ್ತೆ ಅವರನ್ನು ಬೀದಿಗೆ ಕಳುಹಿಸುವುದು ಜೀನಳಿಗೆ ಸಮ್ಮತವಾಗಲಿಲ್ಲ. ನಿಮಗೆ ಭಿಕ್ಷೆ ನೀಡುತ್ತಿದ್ದವರ ಮನೆಗಳು ಯಾವುವೆಂದು ಅವರಿಂದ ಕೇಳಿ ತಿಳಿದುಕೊಂಡು, ಅವರ ಬದಲಿಗೆ ತಾನೇ ಬುಟ್ಟಿ ಹಿಡಿದು ಹೊರಟಳು. ಕಾಸು, ಉಳಿದ ರೊಟ್ಟಿ, ಹಳೆಯ ಬಟ್ಟೆ, ಸೌದೆ ಯಾವುದನ್ನೂ ಬೇಡವೆನ್ನಲಿಲ್ಲ. ಜೋಳಿಗೆಯ ಮಹತ್ವವನ್ನು ಬಲ್ಲವರಿಗೆ ಇಲ್ಲಿನ ಸೂಕ್ಷ್ಮವು ತಿಳಿಯದಿರದು: ಭಿಕ್ಷೆ ನಿಲ್ಲಲಿಲ್ಲ, ಭಿಕ್ಷೆಯ ಅವಮಾನ ಮಾತ್ರ ಮುದುಕಿಯರ ಹೆಗಲಿನಿಂದ ಇಳಿದು ಆಕೆಯ ಹೆಗಲಿಗೆ ಬಂತು. ಸಿಟ್ಟಿಗೆದ್ದವನೊಬ್ಬನು ಕಪಾಳಕ್ಕೆ ಹೊಡೆದಾಗ, ಇದು ನನಗಾಯಿತು, ಇನ್ನು ನನ್ನ ಬಡವರಿಗೇನು ಕೊಡುತ್ತೀರಿ ಎಂದು ಆಕೆ ಕೇಳಿದಳೆಂಬ ಪ್ರತೀತಿಯುಂಟು. ಇದು ಐತಿಹ್ಯವೇ ಇರಬಹುದು. ಆದರೆ ಆಕೆ ದುಡಿಯುವ ಮನೆಯಲ್ಲಿ ಹುಟ್ಟಿದವಳು, ಬೇಡುವುದು ಆಕೆಗೆ ಸುಲಭವಾಗಿರಲಿಲ್ಲ ಎಂಬುದು ಐತಿಹ್ಯವಲ್ಲ.

1842ರ ಮೇ 29ರಂದು ಸಹೋದ್ಯೋಗಿನಿಯರು ಜೀನಳನ್ನು ಮುಖ್ಯಸ್ಥೆಯನ್ನಾಗಿ ಆರಿಸಿದರು. 1843ರ ಡಿಸೆಂಬರ್ 8ರಂದು ಮತ್ತೆ ಆಕೆಯೇ ಆಯ್ಕೆಯಾದಳು. ಹದಿನೈದು ದಿನಗಳ ತರುವಾಯ, ಡಿಸೆಂಬರ್ 23ರಂದು, ಲ ಪಾಯರನು ಎಲ್ಲರನ್ನೂ ಸೇರಿಸಿ ಆ ಚುನಾವಣೆಯನ್ನು ತನ್ನ ಅಧಿಕಾರದಿಂದಲೇ ರದ್ದುಗೊಳಿಸಿ, 23 ವರ್ಷದ ಮರೀ ಜಾಮೆಯನ್ನು ಮುಖ್ಯಸ್ಥೆಯಾಗಿ ನೇಮಿಸಿದನು. ಜೀನಳಿಗೆ ಉಳಿದದ್ದು ಬುಟ್ಟಿ. ಆಕೆ ಪ್ರತಿಭಟಿಸಲಿಲ್ಲ. ಈ ಮೌನವನ್ನು ಸದ್ಗುಣವೆಂದು ಕೊಂಡಾಡುವ ಬರಹಗಳು ಬಹಳವಿವೆ. ಆಕೆಯ ಸಹನೆ ದೊಡ್ಡದೆಂಬುದು ನಿಜ. ಆದರೆ ಆ ಸಹನೆಯನ್ನು ಹೊಗಳುವ ಭರದಲ್ಲಿ ಅನ್ಯಾಯವನ್ನು ಅನ್ಯಾಯವೆಂದು ಕರೆಯಲು ಹಿಂಜರಿಯಬೇಕಾಗಿಲ್ಲ.

ಇಲ್ಲಿಂದ ಮುಂದಿನ ಚರಿತ್ರೆ ಎರಡು ಕವಲಾಗಿ ಹರಿಯುತ್ತದೆ. ಮನೆಯೊಳಗೆ ಜೀನ್ ಒಬ್ಬ ಸಾಮಾನ್ಯ ಸೋದರಿ. ಹೊರಗೆ ಊರವರ ಕಣ್ಣಿನಲ್ಲಿ ಆಶ್ರಮವೆಂದರೆ ಜೀನ್. ಆಕೆಯ ಕಾರ್ಯವನ್ನು ವಿವರಿಸಿ ಸೇಂಟ್ ಸರ್ವಾನಿನ ಮೇಯರನೂ ಗಣ್ಯರೂ ಸಹಿ ಹಾಕಿದ ಮನವಿಯೊಂದು ಪ್ಯಾರಿಸಿನ ಫ್ರೆಂಚ್ ಅಕಾಡೆಮಿಗೆ ಹೋಯಿತು. 1845ರ ಡಿಸೆಂಬರ್ 11ರಂದು ಅಕಾಡೆಮಿಯು ಆಕೆಗೆ ಸದ್ಗುಣಕ್ಕಾಗಿ ಕೊಡುವ ಮೋಂತಿಯೋ ಬಹುಮಾನವನ್ನು ಘೋಷಿಸಿತು. ಮೊತ್ತ 3,000 ಫ್ರಾಂಕ್. ಸಭೆಯಲ್ಲಿ ಆಕೆಯ ಕಾರ್ಯವನ್ನು ಪ್ರಶಂಸಿಸಿ ದ್ಯುಪಾಂ ಎಂಬ ಸದಸ್ಯನು ಮಾಡಿದ ಭಾಷಣ ಅಚ್ಚಾಯಿತು. ಜೀನ್ ಆ ಕಿರುಹೊತ್ತಗೆಯನ್ನು ಪರಿಚಯಪತ್ರದಂತೆ ಹಿಡಿದು ಪರಸ್ಥಳಗಳಲ್ಲಿ ಭಿಕ್ಷೆಗೆ ತಿರುಗಿದಳು. ಮುಂದೆ ಆಕೆಯ ಹೆಸರನ್ನು ಉಳಿಸಿದ ಸಾಕ್ಷ್ಯಗಳಲ್ಲಿ ಈ ಮನವಿ ಮುಖ್ಯವಾದದ್ದು. ಮಠದೊಳಗಿನ ಲೇಖನಿ ಅಳಿಸಿದ್ದನ್ನು ಊರಿನ ಮೇಯರನ ಲೇಖನಿ ಕಾಪಾಡಿತೆಂಬುದು ಗ್ರಂಥಸಂಪಾದನೆಯಲ್ಲಿ ತೊಡಗಿರುವ ವಿದ್ಯಾರ್ಥಿಗಳು ಗಮನಿಸತಕ್ಕ ಸಂಗತಿ. ಒಂದೇ ಪರಂಪರೆಯ ಪ್ರತಿಗಳು ಎಷ್ಟೇ ಇದ್ದರೂ ಅವು ಒಂದೇ ಸಾಕ್ಷಿ. ಹೊರಗಿನ ಒಂದು ಪ್ರತಿ ಸಿಕ್ಕಿದರೆ ಅದರ ತೂಕವೇ ಬೇರೆ.

1846ರಲ್ಲಿ ರೆನ್ ಮತ್ತು ದಿನಾನ್, 1849ರಲ್ಲಿ ಟೂರ್, 1850ರಲ್ಲಿ ಆಂಜೆ, ಹೀಗೆ ಊರಿಂದ ಊರಿಗೆ ಹೊಸ ಆಶ್ರಮಗಳು ಎದ್ದವು. ಹಣ ಮುಗಿದಲ್ಲಿಗೆ ಅಥವಾ ಅಧಿಕಾರಿಗಳು ಅಡ್ಡಿಮಾಡಿದಲ್ಲಿಗೆ ಜೀನಳನ್ನು ಕಳುಹಿಸುವುದು ವಾಡಿಕೆಯಾಯಿತು. ಆಂಜೆಯಲ್ಲಿ ಮುದುಕರು ಬೆಣ್ಣೆಯಿಲ್ಲದ ಒಣರೊಟ್ಟಿ ತಿನ್ನುತ್ತಿದ್ದುದನ್ನು ಕಂಡು, ಬರಿದಾದ ಬೆಣ್ಣೆಯ ಪಾತ್ರೆಗಳನ್ನು ಸಂತ ಜೋಸೆಫನ ವಿಗ್ರಹದ ಮುಂದೆ ಸಾಲಾಗಿ ಇಡಿಸಿ, ಬೆಣ್ಣೆ ಬೇಕೆಂದು ಚೀಟಿ ಬರೆಸಿದಳೆಂದೂ, ಅದನ್ನು ಕಂಡವರು ಬೆಣ್ಣೆ ಕಳುಹಿಸಿದರೆಂದೂ ಹೇಳುತ್ತಾರೆ. ಮುದುಕರಿಗೆ ಅನ್ನವಿದ್ದರೆ ಸಾಲದು, ನಾಲಗೆಗೆ ರುಚಿಯೂ ಬೇಕೆಂಬ ತಿಳಿವಳಿಕೆ ಈ ಕಥೆಯಲ್ಲಿದೆ. ವೃದ್ಧರ ಸೇವೆ ಮಾಡಿದವರಿಗೆ ಅದರ ಬೆಲೆ ಗೊತ್ತು. 1851ರಲ್ಲಿ ಲಂಡನ್ನಿನಲ್ಲಿ ಆಶ್ರಮ ತೆರೆದುದರಿಂದ ಕಾರ್ಯವು ಫ್ರಾನ್ಸಿನ ಗಡಿಯನ್ನು ದಾಟಿತು.

1852ರಲ್ಲಿ ರೆನ್ ಬಿಷಪ್ಪರು ಸಂಸ್ಥೆಗೆ ಮಾನ್ಯತೆ ಕೊಟ್ಟರು. ಲ ಪಾಯರನು ಅದರ ಸರ್ವೋಚ್ಚ ಅಧಿಕಾರಿಯಾದನು. ಅವನ ಮೊದಲ ಕೆಲಸಗಳಲ್ಲೊಂದು ಜೀನಳನ್ನು ಭಿಕ್ಷಾಟನೆಯಿಂದ ಬಿಡಿಸಿ ಮಾತೃಗೃಹಕ್ಕೆ ಕರೆಸಿಕೊಂಡದ್ದು. ದಾನಿಗಳೊಡನೆ ಸಂಪರ್ಕ ಬೇಡ, ಹೊರಗಿನ ಓಡಾಟ ಬೇಡ. ಆಕೆ ಅಲ್ಲಿ ಹೊಸದಾಗಿ ಸೇರಿದ ಹುಡುಗಿಯರ ಕೈಕೆಲಸದ ಮೇಲ್ವಿಚಾರಣೆ ನೋಡಿಕೊಂಡಳು. 1856ರಲ್ಲಿ ಮಾತೃಗೃಹವು ಸೇಂಟ್ ಪೆರ್ನ್ ಎಂಬ ಹಳ್ಳಿಯ ಎಸ್ಟೇಟಿಗೆ ಹೋದಾಗ ಆಕೆಯೂ ಹೋದಳು. ದೀಕ್ಷಾನಾಮ ‘ಶಿಲುಬೆಯ ಮೇರಿ’. ಒಟ್ಟು 27 ವರ್ಷಗಳು ಹೀಗೆ ಕಳೆದವು. ಪಕ್ಕದಲ್ಲಿ ಕುಳಿತು ಹೊಲಿಯುವ ಈ ಎತ್ತರದ ಮುದುಕಿಯೇ ಎಲ್ಲದರ ಮೊದಲೆಂಬುದನ್ನು ಎಷ್ಟೋ ಮಂದಿ ಹುಡುಗಿಯರು ಅರಿಯದೆಯೇ ದೀಕ್ಷೆ ಪಡೆದರು. ನನ್ನ ಕಾರ್ಯವನ್ನು ನೀವು ಕದ್ದಿರಿ, ಆದರೂ ಸಂತೋಷದಿಂದಲೇ ಬಿಟ್ಟುಕೊಡುತ್ತೇನೆಂಬ ಅರ್ಥದ ಮಾತನ್ನು ಆಕೆ ಲ ಪಾಯರನಿಗೆ ಹೇಳಿದ್ದಳೆಂಬುದು ಸಂಪ್ರದಾಯ. ಅದು ನಿಜವಾದರೆ, ಆಕೆಯ ಮೌನ ಮುಗ್ಧತೆಯ ಮೌನವಾಗಿರಲಿಲ್ಲ.

ಈ ದೀರ್ಘ ಅಜ್ಞಾತವಾಸದಲ್ಲಿ ಆಕೆಯ ದನಿ ಒಮ್ಮೆ ನಿರ್ಣಾಯಕವಾಗಿ ಕೇಳಿಬಂತು. ಸಂಸ್ಥೆಯು ಶಾಶ್ವತವಾಗಿ ಆದಾಯ ತರುವ ನಿಧಿಗಳನ್ನೂ ಆಸ್ತಿಗಳನ್ನೂ ಸ್ವೀಕರಿಸಬಹುದೆ ಎಂಬ ಪ್ರಶ್ನೆ 1865ರಲ್ಲಿ ಎದ್ದಿತು. ಆಗ ಸಾವಿರಾರು ವೃದ್ಧರ ಊಟದ ಹೊಣೆ ಸಂಸ್ಥೆಯ ಮೇಲಿತ್ತು. ಸ್ಥಿರವಾದ ವರಮಾನ ಬೇಡವೆನ್ನುವುದು ವ್ಯವಹಾರಜ್ಞರಿಗೆ ಹುಚ್ಚಾಗಿ ಕಾಣಬಹುದಾದ ಕಾಲ. ಮಂಡಲಿಯ ಸಭೆಗೆ ಜೀನಳನ್ನು ಕರೆಸಿದರು. ನಿಧಿ ಬೇಡ, ದಿನದಿನದ ದಾನವನ್ನೇ ನಂಬಿ ನಡೆಯಬೇಕೆಂದು ಆಕೆ ಹೇಳಿದಳು. ನಿರ್ಣಯವೂ ಹಾಗೆಯೇ ಆಯಿತು. ಅಧಿಕಾರವಿಲ್ಲದ ಆಕೆಯ ಸಹಿಯೂ ಆ ಪತ್ರದ ಮೇಲೆ ಬಿತ್ತು. ಇದು ಬರಿಯ ವೈರಾಗ್ಯದ ಮಾತಲ್ಲ. ಬಡ್ಡಿಯಿಂದ ನಡೆಯುವ ಆಶ್ರಮಕ್ಕೆ ಊರಿನ ಹಂಗಿಲ್ಲ, ಊರಿಗೂ ಆಶ್ರಮದ ಚಿಂತೆಯಿಲ್ಲ. ಬುಟ್ಟಿ ಹಿಡಿದ ಸೋದರಿ ಪೇಟೆಯಲ್ಲಿ ಕಾಣುತ್ತಿರುವವರೆಗೆ ಮುದುಕರು ಊರಿನ ನೆನಪಿನಲ್ಲಿರುತ್ತಾರೆ. ಸೇಂಟ್ ಸರ್ವಾನಿನ ಬೀದಿಗಳಲ್ಲಿ ನಡೆದವಳಿಗೆ ಇದು ತಿಳಿದಿತ್ತು; ಬರಿಯ ಲೆಕ್ಕದ ಪುಸ್ತಕವನ್ನು ನೋಡಿದವರಿಗೆ ತಿಳಿಯುವಂತಹದಲ್ಲ.

1879ರ ಆಗಸ್ಟ್ 29ರಂದು ಜೀನ್ ತೀರಿಕೊಂಡಳು. ಆಗ ಸಂಸ್ಥೆಗೆ 177 ಮನೆಗಳು, ಸುಮಾರು 2,400 ಸೋದರಿಯರು. ಆಕೆಯ ಸಮಾಧಿಯ ಮೇಲೆ ಆಕೆಯನ್ನು ಮೂರನೆಯ ಸೋದರಿಯೆಂದು ಕೆತ್ತಿಸಲಾಯಿತು. ಆಗ ಪ್ರಚಲಿತವಾಗಿದ್ದ ಕಥೆಯ ಪ್ರಕಾರ ಸಂಸ್ಥೆಯನ್ನು ಯೋಜಿಸಿದವನು ಲ ಪಾಯರ್. ಮೊದಲ ಇಬ್ಬರು ಸೋದರಿಯರು ಅವನ ಶಿಷ್ಯೆಯರಾದ ಮರೀ ಮತ್ತು ವಿರ್ಜಿನಿ. ಜೀನ್ ಅವರಿಗೆ ಜಾಗ ಕೊಟ್ಟವಳು ಮಾತ್ರ. ಸಂಸ್ಥೆಯು 1882ರಲ್ಲಿ ಕಲ್ಕತ್ತೆಗೆ ಬಂದಾಗಲೂ ಈ ಕಥೆಯೇ ನಡೆಯುತ್ತಿತ್ತು. ಲ ಪಾಯರನಿಂದ ಸಂಸ್ಥೆಗೆ ಉಪಕಾರವೇ ಆಗಲಿಲ್ಲವೆನ್ನಲಾಗದು. ಹರಡಿದ ಮನೆಗಳನ್ನು ಒಂದು ನಿಯಮಕ್ಕೆ ಒಳಪಡಿಸಿದ್ದು, ಮಾನ್ಯತೆ ದೊರಕಿಸಿದ್ದು ಅವನ ಶ್ರಮ. ಅಷ್ಟಕ್ಕೆ ಅವನು ತೃಪ್ತನಾಗಿದ್ದರೆ ಚರಿತ್ರೆ ಅವನನ್ನು ಗೌರವದಿಂದಲೇ ನೆನೆಯುತ್ತಿತ್ತು.

ದೂರುಗಳು ರೋಮಿಗೆ ಮುಟ್ಟಿ, ವಿಚಾರಣೆ ನಡೆದು, 1890ರಲ್ಲಿ ಅವನನ್ನು ಅಧಿಕಾರದಿಂದ ಇಳಿಸಿ ರೋಮಿಗೆ ಕರೆಸಿಕೊಂಡರು. ಉಳಿದ ದಿನಗಳನ್ನು ಅವನು ಅಲ್ಲಿನ ಕಾನ್ವೆಂಟೊಂದರಲ್ಲಿ ಕಳೆದನು. ಐವತ್ತು ವರ್ಷ ಸ್ಥಾಪಕಿಯ ಪೀಠದಲ್ಲಿ ಕುಳಿತಿದ್ದ ಮರೀ ಜಾಮೆಯ ಸ್ಥಿತಿ ಇನ್ನೂ ಕರುಣಾಜನಕ. 1893ರಲ್ಲಿ ತೀರಿಕೊಳ್ಳುವ ಮುನ್ನ ಆಕೆ, ಮೊದಲನೆಯವಳು ತಾನಲ್ಲ, ಜೀನ್. ಹಾಗೆ ನಟಿಸುವಂತೆ ತನಗೆ ಆಜ್ಞೆಯಾಗಿತ್ತು ಎಂದು ಒಪ್ಪಿಕೊಂಡಳು. ಆಜ್ಞಾಪಾಲನೆಯ ವ್ರತವನ್ನು ತೊಟ್ಟವಳಿಗೆ ಸತ್ಯವೂ ಆಜ್ಞೆಯೂ ಎದುರುಬದುರಾದಾಗ ಆದ ಸಂಕಟ ಈ ಮಾತಿನಲ್ಲಿದೆ. 1902ರಲ್ಲಿ ಪಾದ್ರಿ ಲರ್ವಾ ಬರೆದ ಸಂಸ್ಥೆಯ ಚರಿತ್ರೆ ಜೀನಳಿಗೆ ಆಕೆಯ ಸ್ಥಾನವನ್ನು ಹಿಂದಿರುಗಿಸಿತು. 1982ರ ಅಕ್ಟೋಬರ್ 3ರಂದು ಪೋಪ್ ಎರಡನೆಯ ಜಾನ್ ಪಾಲ್ ಆಕೆಯನ್ನು ಧನ್ಯಳೆಂದೂ, 2009ರ ಅಕ್ಟೋಬರ್ 11ರಂದು ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಂತಳೆಂದೂ ಘೋಷಿಸಿದರು.

ಈ ಸೋದರಿಯರು ಸನ್ಯಾಸಕ್ಕೆ ಸಾಮಾನ್ಯವಾದ ಮೂರು ವ್ರತಗಳೊಡನೆ ಆತಿಥ್ಯವೆಂಬ ನಾಲ್ಕನೆಯದನ್ನೂ ತೊಡುತ್ತಾರೆ. ಜಾತಿಮತಗಳ ಭೇದವಿಲ್ಲದೆ ಬಡ ವೃದ್ಧರನ್ನು ಸೇರಿಸಿಕೊಂಡು, ಅವರ ಕೊನೆಯುಸಿರಿನವರೆಗೆ ಬಳಿಯಲ್ಲಿರುತ್ತಾರೆ. ಇಂದು ಸುಮಾರು 30 ದೇಶಗಳಲ್ಲಿ ಅವರ ಮನೆಗಳಿವೆ. ಪಶ್ಚಿಮ ದೇಶಗಳಲ್ಲಿ ಹೊಸದಾಗಿ ಸೇರುವವರು ಕಡಿಮೆಯಾದುದರಿಂದ ಹಲವು ಮನೆಗಳನ್ನು ಅವರು ಬಿಟ್ಟುಕೊಡಬೇಕಾಗಿ ಬಂದಿದೆ. 1865ರ ನಿರ್ಣಯದ ಜಾಡಿನಲ್ಲಿ ಭಿಕ್ಷೆಗೆ ಹೋಗುವ ಪದ್ಧತಿ ಮಾತ್ರ ಉಳಿದುಬಂದಿದೆ; ಆ ಕೆಲಸಕ್ಕೆಂದೇ ನೇಮಕಗೊಂಡ ಸೋದರಿಯರು ಪೇಟೆಗಳಿಗೂ ಅಂಗಡಿಗಳಿಗೂ ಹೋಗಿ, ತಮ್ಮ ಮನೆಯ ಮುದುಕರಿಗಾಗಿ ಕೇಳುತ್ತಾರೆ.