ಕನ್ನಡದಲ್ಲಿ ಸ್ನೇಹವಾಚಕ ಪದಗಳು

ಕನ್ನಡದಲ್ಲಿ ಸ್ನೇಹವಾಚಕ ಪದಗಳು ಎಂದರೆ ಗೆಳೆತನವನ್ನು ಹಾಗೂ ಗೆಳೆಯ-ಗೆಳತಿಯರನ್ನು ಸೂಚಿಸಲು ಮತ್ತು ಸಂಬೋಧಿಸಲು ಬಳಕೆಯಾಗುವ ಶಬ್ದಗಳು. ಇವುಗಳಲ್ಲಿ ದೇಶ್ಯ ಪದಗಳು, ಸಂಸ್ಕೃತದಿಂದ ಬಂದ ಪದಗಳು ಹಾಗೂ ಪಾರಸಿ, ತಮಿಳು ಮುಂತಾದ ಭಾಷೆಗಳಿಂದ ಸೇರಿದ ಪದಗಳು ಇವೆ. ಸ್ನೇಹವನ್ನೂ ನೆಂಟಸ್ತಿಕೆಯನ್ನೂ ಹೇಳುವ ಮಾತುಗಳು ಪರಸ್ಪರ ಬೆರೆತಿರುವುದು ಈ ಪದಸಮೂಹದ ಪ್ರಮುಖ ಲಕ್ಷಣವಾಗಿದೆ.

ದೇಶ್ಯ ಪದಗಳು

'ಗೆಳೆಯ' ಪದದ ಹಳಗನ್ನಡ ರೂಪ 'ಕೆಳೆಯ'. 'ಕೆಳೆ' ಎಂದರೆ ಸ್ನೇಹ. 'ಕೆಳದಿ' ಎಂದರೆ ಗೆಳತಿ. ಪದಾದಿಯ ಕಕಾರವು ಗಕಾರವಾಗಿ 'ಗೆಳೆಯ', 'ಗೆಳತಿ', 'ಗೆಳೆತನ' ಎಂಬ ಇಂದಿನ ರೂಪಗಳು ಬಂದಿವೆ. ಇದಕ್ಕೆ ಜ್ಞಾತಿಪದವಾದ ತಮಿಳಿನ 'ಕೇಳ್' ಶಬ್ದಕ್ಕೆ ಬಂಧು ಮತ್ತು ಸ್ನೇಹಿತ ಎಂಬ ಎರಡೂ ಅರ್ಥಗಳಿವೆ.

ಇದಕ್ಕೆ ವಿರುದ್ಧ ದಿಕ್ಕಿನ ಬದಲಾವಣೆಯನ್ನು 'ನಂಟ' ಪದದಲ್ಲಿ ಕಾಣಬಹುದು. ತಮಿಳಿನಲ್ಲಿ 'ನಣ್ಬನ್' ಎಂದರೆ ಸ್ನೇಹಿತ. ಅದೇ ಮೂಲದ ಕನ್ನಡದ 'ನಂಟ' ಅಥವಾ 'ನೆಂಟ' ಇಂದು ಮುಖ್ಯವಾಗಿ ಬಂಧುವನ್ನು ಸೂಚಿಸುತ್ತದೆ. ಆದರೂ 'ಆಪತ್ತಿಗಾದವನೇ ನೆಂಟ' ಎಂಬ ಗಾದೆಯಲ್ಲಿ ಕಷ್ಟಕಾಲದಲ್ಲಿ ನೆರವಾಗುವವನು ಯಾರೇ ಆಗಿರಲಿ, ಅವನನ್ನು ನೆಂಟನೆಂದೇ ಕರೆಯಲಾಗಿದೆ.

'ಗೆಣೆಕಾರ', 'ಒಡನಾಡಿ', 'ಜೊತೆಗಾರ' ಇವು ಇತರ ಪದಗಳು. 'ಗೆಣೆಕಾರ' ಗ್ರಾಮೀಣ ಬಳಕೆಯಲ್ಲಿ ಸ್ನೇಹಿತನನ್ನು, ಕೆಲವೆಡೆ ಪ್ರಿಯಕರನನ್ನು ಸೂಚಿಸುವುದರಿಂದ ಸಂದರ್ಭವನ್ನು ಗಮನಿಸಿ ಬಳಸಬೇಕಾಗುತ್ತದೆ.

ಸಂಸ್ಕೃತ ಮೂಲದ ಪದಗಳು

'ಸ್ನೇಹ' ಪದಕ್ಕೆ ಸಂಸ್ಕೃತದಲ್ಲಿ ಎಣ್ಣೆ, ಜಿಡ್ಡು ಎಂಬ ಅರ್ಥಗಳೂ ಇವೆ. ಆಯುರ್ವೇದದ 'ಸ್ನೇಹಪಾನ'ದಲ್ಲಿ ಈ ಅರ್ಥ ಉಳಿದಿದೆ. 'ಸುಹೃದ್' ಎಂದರೆ ಒಳ್ಳೆಯ ಹೃದಯವುಳ್ಳವನು. 'ಮಿತ್ರ' ಮತ್ತು 'ಮೈತ್ರಿ' ಬರವಣಿಗೆ ಹಾಗೂ ಭಾಷಣಗಳಲ್ಲಿ ಹೆಚ್ಚು ಬಳಕೆಯಾಗುತ್ತವೆ. 'ಮಿತ್ರರಾಷ್ಟ್ರ', 'ಮೈತ್ರಿ ಸರ್ಕಾರ' ಎಂಬ ರಾಜಕೀಯ ಪದಗಳು ಇವುಗಳಿಂದಲೇ ಆಗಿವೆ. 'ಸಖ', 'ಸಖಿ' ಪದಗಳು ಇಂದು ಹೆಚ್ಚಾಗಿ ಕಾವ್ಯ, ನಾಟಕಗಳಿಗೆ ಸೀಮಿತವಾಗಿವೆ.

ಇತರ ಭಾಷೆಗಳಿಂದ ಬಂದ ಪದಗಳು

ಪಾರಸಿ ಮೂಲದ 'ದೋಸ್ತ' ಮತ್ತು 'ದೋಸ್ತಿ' ಉತ್ತರ ಕರ್ನಾಟಕದಲ್ಲಿ ನಿತ್ಯಬಳಕೆಯ ಪದಗಳಾಗಿದ್ದು, ರಾಜ್ಯದ ಉಳಿದೆಡೆಯೂ ಪರಿಚಿತವಾಗಿವೆ. ಬಾಲ್ಯದ ಗೆಳೆಯನನ್ನು 'ಚಡ್ಡಿ ದೋಸ್ತ' ಎನ್ನುವುದುಂಟು. 2018ರ ಮೈತ್ರಿ ಸರ್ಕಾರವನ್ನು ಪತ್ರಿಕೆಗಳು 'ದೋಸ್ತಿ ಸರ್ಕಾರ' ಎಂದೂ ಕರೆದವು.

ಸಂಬೋಧನೆ

ಆಪ್ತ ಗೆಳೆಯರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು 'ನೀನು' ಎಂದೇ ಕರೆಯುತ್ತಾರೆ. ಹೊಸ ಪರಿಚಿತರಿಗೆ ಮತ್ತು ಹಿರಿಯರಿಗೆ 'ನೀವು' ಸಲ್ಲುತ್ತದೆ. ಬಹುವಚನದಿಂದ ಏಕವಚನಕ್ಕೆ ಬರುವುದು ಸಲಿಗೆ ಬೆಳೆದುದರ ಗುರುತು. ಸಲಿಗೆಯಿಲ್ಲದೆ ಏಕವಚನ ಬಳಸಿದರೆ ಅದು ಅವಮಾನವೆನಿಸುತ್ತದೆ. 'ಕಣೋ', 'ಕಣೇ' ಎಂಬ ಮಾತುಗಳಿಗೂ ಇದು ಅನ್ವಯಿಸುತ್ತದೆ.

ಬೆಂಗಳೂರು ಮತ್ತು ಅದರ ಸುತ್ತಲಿನ ಯುವಕರ ಮಾತಿನಲ್ಲಿ 'ಮಗಾ', 'ಗುರು', 'ಶಿಷ್ಯ', 'ಮಚ್ಚಾ' ಎಂಬ ಸಂಬೋಧನೆಗಳಿವೆ. 'ಮಚ್ಚಾ' ಎಂಬುದು ಭಾವ ಅಥವಾ ಭಾವಮೈದುನ ಎಂಬರ್ಥದ ತಮಿಳಿನ 'ಮಚ್ಚಾನ್' ಪದದಿಂದ ಬಂದಿದೆ. ಕನ್ನಡದೊಂದಿಗೆ ತೆಲುಗು, ತಮಿಳು, ಉರ್ದು ಭಾಷೆಗಳೂ ಕೇಳಿಬರುವ ಹೊಸಕೋಟೆಯಂತಹ ತಾಲ್ಲೂಕುಗಳಲ್ಲಿ ಇಂತಹ ಬೆರಕೆ ಸಹಜವಾಗಿದೆ. ಕರಾವಳಿ ಮತ್ತು ಮಲೆನಾಡಿನಲ್ಲಿ 'ಮಾರಾಯ', 'ಮಾರಾಯ್ತಿ' ಎಂಬುವು ರೂಢಿಯಲ್ಲಿವೆ. ವಿಷ್ಣುವರ್ಧನ್ ಹಾಗೂ ಅಂಬರೀಶ್ ಅಭಿನಯದ 'ದಿಗ್ಗಜರು' (2001) ಚಲನಚಿತ್ರದ ಹಾಡಿನಿಂದ 'ಕುಚಿಕು' ಎಂಬ ಪದ ಬಹಳ ಜನಪ್ರಿಯವಾಯಿತು.

ಸಾಹಿತ್ಯದಲ್ಲಿ

ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ (941) ಕರ್ಣನು ತನ್ನ ಜನ್ಮರಹಸ್ಯವನ್ನು ತಿಳಿದ ಮೇಲೂ ಒಡಹುಟ್ಟಿದವರ ಕಡೆಗೆ ಹೋಗದೆ ದುರ್ಯೋಧನನ ಪಕ್ಷದಲ್ಲೇ ಉಳಿಯುತ್ತಾನೆ. ರಕ್ತಸಂಬಂಧ ಮತ್ತು ಸ್ನೇಹ ಎದುರುಬದುರಾಗುವ ಪ್ರಸಿದ್ಧ ಸಂದರ್ಭವಿದು. ದುರ್ಗಸಿಂಹನ 'ಕರ್ಣಾಟಕ ಪಂಚತಂತ್ರ'ದ ಒಂದು ಪ್ರಕರಣಕ್ಕೆ 'ಮಿತ್ರಕಾರ್ಯ' ಎಂಬ ಹೆಸರಿದೆ. 1920ರ ದಶಕದಲ್ಲಿ ದ. ರಾ. ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ರೂಪುಗೊಂಡ ಸಾಹಿತಿಗಳ ಬಳಗವು 'ಗೆಳೆಯರ ಗುಂಪು' ಎಂಬ ಹೆಸರನ್ನು ಹೊಂದಿತ್ತು.

ಅರ್ಥವ್ಯತ್ಯಾಸಗಳು

'ಗೆಳೆಯ', 'ಗೆಳತಿ' ಪದಗಳು ಮೂಲತಃ ಸ್ನೇಹವನ್ನಷ್ಟೇ ಹೇಳುತ್ತವೆ. ಇತ್ತೀಚಿನ ಬಳಕೆಯಲ್ಲಿ ಪ್ರೇಮಿಗಳನ್ನೂ ಹೀಗೆ ಕರೆಯುವುದರಿಂದ, ಅರ್ಥ ಸ್ಪಷ್ಟವಾಗಿರಬೇಕಾದಲ್ಲಿ 'ಸ್ನೇಹಿತ', 'ಸ್ನೇಹಿತೆ' ಎಂದು ಬಳಸುವುದುಂಟು. 'ಸಂಗಾತಿ' ಎಂದರೆ ಜೊತೆಗಿರುವವರು. 'ಬಾಳಸಂಗಾತಿ' ಎಂದರೆ ಪತಿ ಅಥವಾ ಪತ್ನಿ. 'ಪರಿಚಿತ' ಎಂಬುದು ಗುರುತಿರುವುದನ್ನು ಮಾತ್ರ ಸೂಚಿಸಿದರೆ, 'ಆಪ್ತ', 'ಪ್ರಾಣಸ್ನೇಹಿತ', 'ಜೀವದ ಗೆಳೆಯ' ಎಂಬುವು ಗಾಢವಾದ ಸ್ನೇಹವನ್ನು ಸೂಚಿಸುತ್ತವೆ.